ಮೇಟಿ ಹುಗಿದ ಟೆನಿಸ್ ಅಂಗಳ

ಸೇಡು ಕೆಟ್ಟದ್ದು, ಮರೆತುಬಿಡಬೇಕು ಎಂದು ಬುದ್ಧಿ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರ ಅಪ್ಪನನ್ನು ಯಾರೂ ಹತ್ತು ಜನರೆದುರು ಮೋಸಗಾರ ಅಂದಿರುವುದಿಲ್ಲ. ನನ್ನ ಅಪ್ಪನನ್ನು ಅಂದಿದ್ದರು. ಅದು ಸುಳ್ಳೆಂದು ಅಂದವನ ಬಾಯಿಂದಲೇ ಹೇಳಿಸಬೇಕೆಂದು ಮೂವತ್ತು ವರ್ಷ ಹಲ್ಲು ಕಚ್ಚಿಕೊಂಡು ಕಾದವಳು ನಾನು.

ಇಂಡಿ ಊರಲ್ಲಿ ಕ್ಲಬ್ಬಿನ ಸಾಹೇಬರುಗಳು ಸಂಜೆ ಆಡುತ್ತಿದ್ದ ಒಂದು ಟೆನಿಸ್ ಅಂಗಳವಿತ್ತು. ಗರಸು ಮಣ್ಣಿನದು. ಅದನ್ನು ನೋಡಿಕೊಳ್ಳುವ ಕೆಲಸ ಅಪ್ಪನದು. ಮುಂಜಾನೆ ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕಿ, ಆಮೇಲೆ ಬರಿಗಾಲಿನಲ್ಲಿ ಉದ್ದಗಲ ನಡೆಯುತ್ತಿದ್ದ. ಎಲ್ಲಿ ಮೆದು, ಎಲ್ಲಿ ಗಟ್ಟಿ ಅನ್ನುವುದು ಅವನ ಅಂಗಾಲಿಗೆ ತಿಳಿಯುತ್ತಿತ್ತು. ನೆಟ್ಟಗಿಲ್ಲದ ಜಾಗ ಸಿಕ್ಕರೆ ಅವತ್ತು ಊಟ ತಡ.

ಓದಿದ್ದು ನಾಲ್ಕನೇ ಇಯತ್ತೆ. ಆದರೆ ದೇಶದೇಶಗಳ ನಡುವಿನ ಟೆನಿಸ್ ಕಪ್ಪಿಗಾಗಿ ನಮ್ಮ ಗಂಡಸರ ತಂಡ ಆಡಿದ ಚರಿತ್ರೆಯೆಲ್ಲ ಅವನಿಗೆ ಬಾಯಿಪಾಠ. ರೇಡಿಯೋದಲ್ಲಿ ಕೇಳಿದ್ದು ಅರ್ಧ, ಸಾಹೇಬರು ಬಿಟ್ಟುಹೋದ ಪೇಪರಿನಲ್ಲಿ ಅಕ್ಷರ ಕೂಡಿಸಿ ಓದಿದ್ದು ಅರ್ಧ. ಒಂದೇ ಒಂದು ಸಲ ಕಣ್ಣಾರೆ ಕಂಡಿದ್ದ. ಇನ್ನೂ ಲಗ್ನವಾಗಿರಲಿಲ್ಲವಂತೆ, ಸೊಲ್ಲಾಪುರಕ್ಕೆ ಹೋಗಿ ಅಲ್ಲಿಂದ ರೈಲು ಹತ್ತಿ ಪುಣೆ ಮುಟ್ಟಿ, ರಷ್ಯಾದವರು ನಮ್ಮ ಹುಲ್ಲಿನ ಮೇಲೆ ಸೋತದ್ದನ್ನು ನೋಡಿ ಬಂದಿದ್ದ. ಆ ಕಥೆಗಳನ್ನು ಕೇಳುತ್ತಲೇ ನಾನು ರೊಟ್ಟಿ ತಿಂದು ದೊಡ್ಡವಳಾದೆ.

“ನಮ್ಮವರು ಮೂರ ಸಲ ಫೈನಲ್‌ಗೆ ಹೋಗ್ಯಾರವಾ. ಮೊದಲನೇ ಸಲ ಆಸ್ಟ್ರೇಲಿಯಾದಾಗ ಸೋತರು. ಡಬಲ್ಸ್ ಒಂದ ಗೆದ್ದರು. ಎರಡನೇ ಸಲ ಆಡಲೇ ಇಲ್ಲ. ಕರೇ ಮಂದೀನ ತುಳಿಯೋ ಸರಕಾರದ ಕೂಡ ಆಡಂಗಿಲ್ಲ, ಕಪ್ಪ್ ಬೇಕಾದ್ರ ನೀವ ಇಟ್ಕೋರಿ ಅಂದ ಬಿಟ್ಟರು.”

“ಮೂರನೇ ಸಲ?”

“ಸ್ವೀಡನ್ನಿನವರ ಊರಾಗ. ನಮ್ಮವರು ಹುಲ್ಲಿನ ಮ್ಯಾಲ ಹುಲಿ, ಅದು ಅವರಿಗೆ ಗೊತ್ತಿತ್ತು. ಅದಕ್ಕ ದೊಡ್ಡ ಕಟ್ಟಡದಾಗ ಮಣ್ಣ ತಂದ ಹಾಸಿದರು. ಒಂದೂ ಬಿಡಲಿಲ್ಲ, ಐದಕ್ಕ ಐದೂ ಸೋಲಿಸಿದರು.”

“ಮೋಸ ಮಾಡಿದ್ರಲ್ಲ ಅಪ್ಪಾ!”

“ಅದ್ಯಾಕ ಮೋಸಾ? ಯಾರ ಮನ್ಯಾಗ ಆಟಾನೋ ಅವರು ಹೇಳಿದ್ದ ಅಂಗಳ. ಅದು ಆಟದ ಕಾಯ್ದೆ. ನಾವೂ ನಮ್ಮ ಮನಿಗೆ ಬಂದವರನ್ನ ಹುಲ್ಲಿನ ಮ್ಯಾಲ ಜಾರಿಸೇವಿ. ಆದರ ಅಂಗಳ ಖರೇ ಇರಬೇಕು ನೋಡು. ಎರಡೂ ಕಡೆಯವರಿಗೆ ಚೆಂಡ ಒಂದ ನಮೂನಿ ಪುಟೀಬೇಕು.”

ನಾನು ಹತ್ತನೇ ಇಯತ್ತೆಯಲ್ಲಿದ್ದಾಗ ಒಂದು ಸಂಜೆ ಡಬಲ್ಸ್ ಆಡಲು ನಾಲ್ಕನೆಯವರು ಬರಲಿಲ್ಲ. ಸಾಹೇಬರೊಬ್ಬರು ಅಪ್ಪನ ಕೈಗೆ ರಾಕೆಟ್ ಕೊಟ್ಟು ತಮ್ಮ ಕಡೆ ನಿಲ್ಲಿಸಿಕೊಂಡರು. ಎದುರಿಗೆ ಆ ಕ್ಲಬ್ಬಿನ ಕಾರ್ಯದರ್ಶಿ, ಊರಿಗೆ ದೊಡ್ಡ ವಕೀಲ. ಕೊನೆಯ ಪಾಯಿಂಟಿಗೆ ಅಪ್ಪ ಚೆಂಡನ್ನು ಅಡಿಯಿಂದ ಸೀಳಿ ಹೊಡೆದ. ಅದು ನೆಲ ಸವರಿಕೊಂಡು ಹೋಯಿತು. ವಕೀಲ ಬಗ್ಗಲು ಹೋಗಿ ಮೊಣಕಾಲೂರಿ ಬಿದ್ದ. ಎಲ್ಲರೂ ನಕ್ಕರು. ಬೇಲಿಯ ಹತ್ತಿರ ನಿಂತಿದ್ದ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಎದ್ದವನೇ ವಕೀಲ ಅಪ್ಪನ ಕಡೆ ಬೆರಳು ಚಾಚಿದ. “ಇಲ್ಲಿ ತಗ್ಗ ಮಾಡಿಟ್ಟಾನ್ರಿ ಇಂವಾ! ತನಗ ಗೊತ್ತಿದ್ದ ಜಾಗಾ ನೋಡಿ ಹೊಡದಾನ. ಮೋಸಗಾರ ಅದಾನ!”

“ಬಂದ ನೋಡ್ರಿ ಸಾಹೇಬ್ರ. ಎಲ್ಲಿ ತಗ್ಗ ಐತಿ, ಕಾಲಾಡಿಸಿ ತೋರಸ್ರಿ” ಎಂದು ಅಪ್ಪ ಕೈ ಮುಗಿದ. ಒಬ್ಬನೇ ಒಬ್ಬ ಸಾಹೇಬ ಎದ್ದು ಬಂದು ನೋಡಲಿಲ್ಲ. ಮರುದಿನ ಕೆಲಸ ಹೋಯಿತು. ತಿಂಗಳೊಳಗೆ ಆ ಗರಸನ್ನೆಲ್ಲ ಕಿತ್ತು ಸಿಮೆಂಟು ಸುರಿದರು. ತಗ್ಗಿತ್ತೋ ಇಲ್ಲವೋ ಎಂದು ಇನ್ನು ಯಾರು ನೋಡಬೇಕು?

ಸಂತೆಗೆ ಹೋದರೆ ಮಂದಿ ಹಂಗಿಸುತ್ತಿದ್ದರು. “ಎಲ್ಲೆಲ್ಲಿ ತಗ್ಗ ತೋಡಿಟ್ಟೀಯೋ ಮಾರಾಯಾ, ಹೇಳಿಬಿಡು, ನೋಡಿ ಕಾಲಿಡ್ತೇವಿ.” ಅಪ್ಪ ತಲೆ ಕೆಳಗೆ ಹಾಕಿ ನಡೆಯುವುದನ್ನು ಕಲಿತ. ಅವ್ವನ ತವರು ಸಿಂದಗಿ. ಗಂಟುಮೂಟೆ ಕಟ್ಟಿ ಅಲ್ಲಿಗೆ ಬಂದೆವು. ಅಪ್ಪ ಗೌಂಡಿಗಳ ಕೈಕೆಳಗೆ ಕಲ್ಲು ಗಾರೆ ಹೊತ್ತು ದುಡಿದ. ಖಾಸಾ ತಮ್ಮನ ಮಗಳ ಲಗ್ನಕ್ಕೂ ಇಂಡಿಗೆ ಕಾಲಿಡಲಿಲ್ಲ.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆದೆ. ಸಾಲಿಯ ಬಯಲಲ್ಲಿ ಅಪ್ಪನೇ ಒಂದು ಅಂಗಳ ಬಡಿದು ಊರಿನ ನಾಲ್ಕಾರು ಮಂದಿಗೆ ಆಟ ಹಚ್ಚಿಸಿದ. ಮೂರು ವರ್ಷದ ಕೆಳಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕಿನ ಟೆನಿಸ್ ಹುಚ್ಚರು ಸೇರಿ ಒಂದು ಪಂದ್ಯಾವಳಿ ಶುರುಮಾಡಿದೆವು. ಎಲ್ಲಾ ಆ ದೊಡ್ಡ ಕಪ್ಪಿನ ಹಾಗೆಯೇ. ನಾಲ್ಕು ಸಿಂಗಲ್ಸ್, ಒಂದು ಡಬಲ್ಸ್. ಹಿಂದಿನ ಸಲ ಅವರ ಊರಲ್ಲಿ ಆಗಿದ್ದರೆ ಈ ಸಲ ನಮ್ಮ ಊರಲ್ಲಿ. ಅಂಗಳ ಎಂಥದೆಂದು ಮನೆಯವರೇ ಗೊತ್ತುಮಾಡಬೇಕು. ತಂಡಕ್ಕೊಬ್ಬರು ಆಡದ ಕ್ಯಾಪ್ಟನ್, ಅಂಗಳದ ಬಗಲಲ್ಲೇ ಕುರ್ಚಿ ಹಾಕಿಕೊಂಡು ಕೂಡಬೇಕು.

ಸಿಂದಗಿಗೆ ನಾನೇ ಕ್ಯಾಪ್ಟನ್. “ಗಂಡಸರ ತಂಡಕ್ಕ ಅಕ್ಕಾರ ಯಾಕ್ರಿ?” ಎಂದು ಬಾಗೇವಾಡಿಯವರು ಕಿಚಾಯಿಸಿದರು. “ಆಡಾಕ ಗಂಡಸರ ಅದಾರ. ಬೈಯಾಕ ಒಬ್ಬಾಕಿ ಬ್ಯಾಡೇನು?” ಅಂದೆ. ಇಂಡಿಗೆ ಕ್ಯಾಪ್ಟನ್ ಆಗಿ ಬಂದವನು ಯಾರು ಅಂದುಕೊಂಡಿರಿ? ಅದೇ ವಕೀಲ. ತಲೆ ಬೆಳ್ಳಗಾಗಿತ್ತು, ಸೊಕ್ಕು ಹಾಗೇ ಇತ್ತು. ಮೊದಲನೇ ವರ್ಷ ಅವರ ಸಿಮೆಂಟಿನ ಮೇಲೆ ನಮ್ಮನ್ನು ಅರೆದುಬಿಟ್ಟರು. ಆತ ನನ್ನ ಗುರುತು ಸಹ ಹಿಡಿಯಲಿಲ್ಲ. ಮುಂದಿನ ವರ್ಷ ನಾವು ಮುದ್ದೇಬಿಹಾಳದವರನ್ನು ಸೋಲಿಸಿದೆವು, ಇಂಡಿಯವರು ಬಾಗೇವಾಡಿಯವರನ್ನು ಸೋಲಿಸಿದರು. ಫೈನಲ್ ನಮ್ಮ ಊರಿನ ಪಾಳಿ. ಬಾ ಮಗನೇ, ನನ್ನ ಮನಿಗೆ ಬಾ ಅಂದುಕೊಂಡೆ.

ಹಳೆಯ ಅಂಗಳ ಮಳೆಗೆ ಕೆಟ್ಟಿತ್ತು. “ಕಣ ಮಾಡಿದಂಗ ಮಾಡ್ರಿ. ಸಿಮೆಂಟಿನ್ಯಾಗ ಆಡಿದವರಿಗೆ ಅದರ ಮ್ಯಾಲ ಚೆಂಡ ಸಿಗಂಗಿಲ್ಲ” ಎಂದು ಅಪ್ಪ ಅಳತೆ ಹಾಕಿಕೊಟ್ಟ. ಅಷ್ಟರಲ್ಲಿ ಅವನ ಕಣ್ಣಿನ ಪೊರೆಯ ಆಪರೇಶನ್‌ಗೆ ತಾರೀಕು ಸಿಕ್ಕಿ ವಿಜಯಪುರಕ್ಕೆ ಹೋದ. ಈಗೆಲ್ಲ ಜೋಳ ಒಕ್ಕುವುದಕ್ಕೆ ಮಷಿನ್ನು ಬಂದು ಕಣ ಮಾಡುವ ಕೈಗಳೇ ಉಳಿದಿಲ್ಲ. ಮೋರಟಗಿಯಲ್ಲಿ ಹುಡುಕಿ ಮೂವರು ಮುದುಕರನ್ನು ಕರೆತಂದೆ. ಗರಸು ಹದಮಾಡಿ, ನೀರುಣಿಸಿ, ಎತ್ತು ಹಾಯಿಸಿ ತುಳಿಸಿ, ಸೆಗಣಿ ಸಾರಿಸಿ, ಕನ್ನಡಿಯಂಥ ನೆಲ ಮಾಡಿದರು. ನಾಲ್ಕನೇ ದಿನ ಸಾಲಿ ಬಿಟ್ಟ ಮೇಲೆ ಹೋಗಿ ನೋಡುತ್ತೇನೆ, ಅಂಗಳದ ಒಂದು ಅರ್ಧದ ನಟ್ಟನಡುವೆ ಎದೆಮಟ್ಟ ಒಂದು ಕಂಬ ನಿಂತಿದೆ. ಅದಕ್ಕೆ ಅರಿಶಿನ ಕುಂಕುಮ, ಚೆಂಡುಹೂವು, ಬುಡದಲ್ಲಿ ಒಡೆದ ತೆಂಗಿನಕಾಯಿ.

“ಅಯ್ಯಯ್ಯ, ಇದೇನ್ರಿ ಯಜ್ಜಾ!”

“ಮೇಟಿರಿ ಅಕ್ಕಾರ” ಎಂದ ಹಿರಿಯ ಮುದುಕ, ಇಷ್ಟೂ ತಿಳಿಯದೇ ಎಂಬಂತೆ. “ಮೇಟಿ ಇಲ್ಲದ ಕಣ ಎಲ್ಲರ ಇರತೈತೇನ್ರಿ? ನೀವು ಹಾಕಿದ್ದು ಎರಡ ಕಣದ ಜಾಗಾ ಆತು. ಒಂದರಾಗರ ಹುಗೀಬೇಕಂತ ಹುಗದೇವಿ. ಎತ್ತ ಯಾವುದರ ಸುತ್ತ ತಿರಗಬೇಕು ಮತ್ತ?”

ನಗುವುದೋ ಅಳುವುದೋ ತಿಳಿಯಲಿಲ್ಲ. ಎತ್ತು ತಿರುಗುವುದಿಲ್ಲ, ಚೆಂಡು ತಿರುಗುತ್ತದೆ ಎಂದು ಹೇಳಿ ಮೇಟಿ ಕೀಳಿಸಿದೆ. ಮೊಳಕ್ಕಿಂತ ಆಳದ ಕುಣಿ ಉಳಿಯಿತು. ಮಣ್ಣು ತುಂಬಿ ಬಡಿದು ಮೇಲೆ ಸಾರಿಸಿದರು. ಕಣ್ಣಿಗೆ ಎಳ್ಳಷ್ಟೂ ತಿಳಿಯುವಂತಿರಲಿಲ್ಲ. ಚೆಂಡು ಹಾಕಿ ನೋಡಿದೆ. ಬೇರೆಲ್ಲ ಕಡೆ ಸೊಂಟದವರೆಗೆ ಪುಟಿದದ್ದು ಅಲ್ಲಿ ಬಿದ್ದರೆ ಪಾದದ ಗಂಟಿನಷ್ಟೂ ಏಳಲಿಲ್ಲ. ಜಾಗ ಸರ್ವಿಸ್ ಗೆರೆಯ ನಡುಮಧ್ಯ, ಒಂದು ಗೇಣು ಒಳಗೆ. ಎದುರಿನಿಂದ ಸರ್ವ್ ಮಾಡುವವನಿಗೆ ಹೇಳಿ ಮಾಡಿಸಿದ ಜಾಗ.

ಅಗೆಸಿ ಮತ್ತೆ ನೀರುಣಿಸಿ ತುಳಿಸಲು ಇನ್ನೂ ಆರು ದಿನ ಟೈಮ್ ಇತ್ತು. ಅಗೆಸುವುದೆಂದೇ ಮನೆಗೆ ಬಂದೆ. ಅಷ್ಟರಲ್ಲಿ ಇಂಡಿಯವರ ಪಟ್ಟಿ ಬಂತು. ಕ್ಯಾಪ್ಟನ್ ವಕೀಲ. ಮೊದಲನೇ ಆಟಗಾರ ವಕೀಲನ ಮಗ, ಹಲ್ಲಿನ ಡಾಕ್ಟರ್. ಓದಿ ಪಟ್ಟಿಯನ್ನು ಮಡಿಚಿಟ್ಟೆ. ಮುದುಕರಿಗೆ ಊರಿಗೆ ಹೋಗಿರಿ, ಕೆಲಸ ಮುಗಿಯಿತು ಅಂದೆ. ಸುಳ್ಳು ಹೇಳಿ ನನ್ನ ಅಪ್ಪನನ್ನು ಊರು ಬಿಡಿಸಿದವನಿಗೆ ಖರೇ ತಗ್ಗು ಹೆಂಗಿರುತ್ತದೆ ಎಂದು ತೋರಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಅಪ್ಪ ಕರಿ ಚಶ್ಮಾ ಹಾಕಿಕೊಂಡು ಬಂದ. ಬಂದವನೇ ಚಪ್ಪಲಿ ಬಿಟ್ಟು ಅಂಗಳಕ್ಕೆ ಇಳಿಯಲು ಹೊರಟ. ನಾನು ರಟ್ಟೆ ಹಿಡಿದು ನಿಲ್ಲಿಸಿದೆ. “ಧೂಳ ಬಿದ್ದರ ಕಣ್ಣ ಹೋಗತಾವ. ಡಾಕ್ಟರ್ ಏನ್ ಹೇಳ್ಯಾರ? ಸುಮ್ಮ ಕುರ್ಚಿ ಮ್ಯಾಲ ಕೂಡು.” ನನ್ನ ಮಾತು ನಂಬಿ ಕೂತ.

ಫೈನಲ್ ದಿನ ಅಂಗಳದ ಸುತ್ತ ಜಾತಿ ಮತ ಎನ್ನದೆ ಅರ್ಧ ಊರು ಸೇರಿತ್ತು. ಚಡಚಣದ ದ್ರಾಕ್ಷಿ ತೋಟದವರೊಬ್ಬರು ಅಂಪೈರ್. ಎರಡು ನಾವು ಗೆದ್ದೆವು, ಎರಡು ಅವರು. ಆ ನಾಲ್ಕೂ ಆಟದಲ್ಲಿ ಮೇಟಿಯ ಜಾಗ ನಾನು ಯಾರಿಗೂ ಹೇಳಲಿಲ್ಲ. ಕಣದಂಥ ನೆಲವೇ ಅವರನ್ನು ಕುಣಿಸುತ್ತಿತ್ತು. ಐದನೆಯದು ನಮ್ಮ ಲೈನ್‌ಮನ್‌ಗೂ ವಕೀಲನ ಮಗನಿಗೂ. ನಮ್ಮವನು ಕರೆಂಟ್ ಕಂಬ ಹತ್ತಿ ಹತ್ತಿ ತೋಳು ಉಕ್ಕಾಗಿದ್ದವನು, ಹೇಳಿದ ಜಾಗಕ್ಕೆ ಸರ್ವ್ ಬೀಳಿಸುತ್ತಿದ್ದ. ಕೊನೆಯ ಸೆಟ್ಟು ನಮಗೆ ಐದು, ಅವರಿಗೆ ನಾಲ್ಕು ಆಗಿ ಕಡೆ ಬದಲಾಯಿತು. ಈಗ ಮೇಟಿಯ ಅರ್ಧ ಡಾಕ್ಟರನ ಕಡೆ. ಸರ್ವ್ ನಮ್ಮದು. ನೀರು ಕುಡಿಯಲು ಬಂದ ಲೈನ್‌ಮನ್‌ನ ಕಿವಿಯಲ್ಲಿ ಮೇಟಿಯ ಜಾಗ ಹೇಳಿ, ಅಲ್ಲಿಗೇ ಬೀಳಿಸು ಅಂದೆ.

ಅವನು ನನ್ನ ಮುಖ ನೋಡಿದ. “ಬ್ಯಾಡ್ರಿ ಅಕ್ಕಾರ. ಅದಿಲ್ಲದೆನ ಗೆಲ್ತೇನಿ.”

“ಕ್ಯಾಪ್ಟನ್ ಯಾರು? ನಾ ಹೇಳಿದಷ್ಟ ಮಾಡು.”

ಮೂರು ಪಾಯಿಂಟು ತನ್ನ ಪಾಡಿಗೆ ತಾನೇ ಆಡಿ ಗೆದ್ದ. ನಾಲ್ಕನೆಯದಕ್ಕೆ ನಾನು ಕುರ್ಚಿಯಿಂದ ಎದ್ದು ನಿಂತು ಅವನನ್ನೇ ದುರುಗುಟ್ಟಿದೆ. ಹೊಡೆದ. ಚೆಂಡು ಮೇಟಿಯ ಮೇಲೆ ಬಿದ್ದು ಅಲ್ಲೇ ಉಸಿರು ಬಿಟ್ಟಿತು. ಡಾಕ್ಟರ್ ರಾಕೆಟ್ ಬೀಸಿದ್ದು ಬರೀ ಗಾಳಿಗೆ. ಕಾಲು ತೊಡರಿ ಮೊಣಕಾಲ ಮೇಲೆ ಬಿದ್ದ. ಮಂದಿ ಹೋ ಎಂದು ಕೂಗಿತು, ಕಪ್ಪು ನಮ್ಮದಾಯಿತು. ನಾನು ಚೆಂಡನ್ನೂ ನೋಡಲಿಲ್ಲ, ಅಪ್ಪನನ್ನೂ ನೋಡಲಿಲ್ಲ. ವಕೀಲನ ಮುಖವನ್ನೇ ನೋಡಿದೆ. ಹೊಟ್ಟೆ ತಣ್ಣಗಾಯಿತು. ಆ ಸುಖ ಎಂಥದೆಂದು ನಾನು ಇವತ್ತೂ ಸುಳ್ಳು ಹೇಳುವುದಿಲ್ಲ.

ಸತ್ಕಾರ ನಡೆಯಿತು. ನಮ್ಮ ಕಡೆ ಸೋತವರಿಗೂ ಗೆದ್ದವರಿಗೂ ಶಾಲು ಹೊದಿಸದೆ ಕಳಿಸುವುದಿಲ್ಲ. ಅಂಗಳ ಮಾಡಿಸಿದವರು ಇವರು ಎಂದು ಅಪ್ಪನನ್ನೂ ಹೆಸರು ಹಿಡಿದು ಕರೆದು ಕೂಡಿಸಿದ್ದರು. ವಕೀಲ ಮೈಕಿನ ಮುಂದೆ ಬಂದ. ಜಗಳ ತೆಗೆಯುತ್ತಾನೆ, ತೆಗೆಯಲಿ, ಇವತ್ತು ಎಲ್ಲ ಕಕ್ಕಿಬಿಡುತ್ತೇನೆ ಎಂದು ನಾನು ಸೆರಗು ಸಿಕ್ಕಿಸಿದೆ.

“ಮೂವತ್ತ ವರ್ಷದ ಕೆಳಗ ಈ ಹಿರಿಯಾರಿಗೆ ನಾ ಒಂದ ಮಾತ ಅಂದಿದ್ದೆ” ಎಂದ. “ಅಂಗಳದಾಗ ತಗ್ಗ ಮಾಡ್ಯಾನ ಅಂದಿದ್ದೆ. ಅದು ಸುಳ್ಳು. ಬಿದ್ದ ನಾಚಿಕಿಗೆ ಅಂದದ್ದು. ಇಷ್ಟ ಮಂದಿ ಎದುರು ತಪ್ಪಾತು ಅಂತೇನಿ.” ತನಗೆ ಹೊದಿಸಿದ್ದ ಶಾಲನ್ನು ತೆಗೆದು ಅಪ್ಪನ ಹೆಗಲಿಗೆ ಹೊದಿಸಿ ಎರಡೂ ಕೈ ಮುಗಿದ. ಅಪ್ಪ ಕರಿ ಚಶ್ಮಾದ ಕೆಳಗೆ ಬೆರಳು ತೂರಿಸಿ ಕಣ್ಣೊರೆಸಿಕೊಂಡ. ನಾನು ಕಾದ ಮಾತು ಬಂದಿತ್ತು. ಸಿಕ್ಕಿಸಿದ್ದ ಸೆರಗನ್ನು ಸಡಿಲಿಸಿದೆ.

ಹೊರಡುವ ಮುಂದೆ ವಕೀಲ ಕಾರಿನ ಹತ್ತಿರ ನನ್ನನ್ನು ಕರೆದ. ಬೇರೆ ಯಾರೂ ಇರಲಿಲ್ಲ.

“ತಂಗೀ, ಅವತ್ತಿನ ಅಂಗಳದಾಗ ತಗ್ಗ ಇರಲಿಲ್ಲ ಅನ್ನೂದು ನನಗ ಅವತ್ತ ಗೊತ್ತಿತ್ತು. ಇದರಾಗ ಐತಿ ಅನ್ನೂದು ಇವತ್ತ ಮುಂಜಾನೆ ಗೊತ್ತಾತು. ಪ್ರ್ಯಾಕ್ಟೀಸ್ ಮಾಡೂ ಮುಂದ ನನ್ನ ಮಗ ಹೇಳಿದ.”

“ಮತ್ತ ಯಾಕ ಹೇಳಲಿಲ್ಲ?”

“ಅಂಗಳ ಮಾಡಿಸಿದಾಂವ ನಿಮ್ಮಪ್ಪ ಅಂತ ಮುಂಜಾನೆನ ಮಂದಿ ಹೇಳಿದ್ರು. ನಾ ಹೇಳಿದ್ರ ಮತ್ತ ಅವನ ಹೆಸರೇ ಕೆಡತಿತ್ತು. ಒಮ್ಮೆ ಕೆಡಿಸಿದ್ದು ಸಾಕಾಗೇತಿ.” ಬಾಗಿಲು ತೆಗೆದು ಕೂತ. “ಅವಗ ತಿಳಿಯೂದು ಬ್ಯಾಡ.”

ಒಳಗೆ ಬಂದರೆ ಅಪ್ಪ ಶಾಲು ಸರಿಮಾಡಿಕೊಳ್ಳುತ್ತ ಕೇಳಿದ, “ವಕೀಲರು ಅಂಗಳಕ್ಕ ಏನಂದ್ರವಾ?”

“ಭಾಳ ಛಲೋ ಇತ್ತಂತ ಅಪ್ಪಾ” ಅಂದೆ.

ಮರುದಿನವೇ ನಾನೊಬ್ಬಳೇ ಹಾರೆ ಹಿಡಿದು ಆ ಜಾಗ ಅಗೆದು ಮತ್ತೆ ಕಟ್ಟಿದೆ. ಅಪ್ಪ ಅದೇ ವಾರ ಇಂಡಿಗೆ ಹೋಗಿ ಸಂತೆಯಲ್ಲಿ ತಲೆಯೆತ್ತಿ ತಿರುಗಿ ಬಂದ. ಬದುಕಿದ್ದಷ್ಟು ದಿನ ಸಿಕ್ಕವರಿಗೆಲ್ಲ ಆ ಶಾಲಿನ ಕಥೆ ಹೇಳಿದ. ಈ ಮಳೆಗಾಲದಲ್ಲಿ ತೀರಿಕೊಂಡ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಮಣ್ಣು ಮಾಡುವಾಗ ವಕೀಲನೂ ಬಂದಿದ್ದ. ಅವನಿಗೆ ಅನ್ನಬೇಕೆಂದು ಮೂವತ್ತು ವರ್ಷ ಕೂಡಿಸಿಟ್ಟ ಬೈಗುಳಗಳೆಲ್ಲ ಇನ್ನೂ ನನ್ನ ನಾಲಿಗೆಯ ಮೇಲೇ ಇವೆ. ಒಂದೊಂದಾಗಿ ನೋಡಿದೆ. ಎಲ್ಲವೂ ಈಗ ನನಗೇ ಸಲ್ಲುತ್ತವೆ.