ಕೆನ್ನೆಯ ಮೇಲಿನ ಕರಿಗೇರು

ಅಗಸರ ಮನೆಯಿಂದ ಒಗೆದು ಬಂದ ದುಪ್ಪಟಿಯನ್ನು ಮಡಿಸುವಾಗ ನೀವು ಅದರ ಮೂಲೆಯನ್ನು ಎಂದಾದರೂ ತಿರುವಿ ನೋಡಿದ್ದೀರೋ ಇಲ್ಲವೋ, ನಾನಂತೂ ನೋಡದೆ ಮಡಿಸುವವಳಲ್ಲ. ಅಲ್ಲೊಂದು ಕರಿಯ ಬೊಟ್ಟು, ಪಕ್ಕದಲ್ಲೊಂದು ಗೀಟು; ಅದು ನಮ್ಮ ಮನೆಯ ಗುರುತು. ಕರಿಗೇರಿನ ಕಾಯಿಗೆ ಸೂಜಿ ಚುಚ್ಚಿ, ಒಸರಿದ ಸೊನೆಯಿಂದ ಇಟ್ಟ ಆ ಬೊಟ್ಟು ಸವುಳು ಮಣ್ಣಿಗೆ ಹೋಗದು, ಸೀಗೆಗೆ ಹೋಗದು, ಬಂಡೆಯ ಮೇಲಿನ ಬಡಿತಕ್ಕೂ ಜಗ್ಗದು. ದುಪ್ಪಟಿ ಹರಿದು ಒಲೆಯ ಮಸಿಬಟ್ಟೆಯಾದ ಮೇಲೂ ತಾನು ಇಂಥವರ ಮನೆಯದೆಂದು ಸಾರುತ್ತಲೇ ಇರುತ್ತದೆ. ಈ ನಿಷ್ಠೆಗೆ ಮರುಳಾದವಳು ನಮ್ಮ ದೊಡ್ಡತ್ತೆ. ಅದರ ಫಲವನ್ನು ಮುಖದ ಮೇಲೆ ಹೊತ್ತವಳು ನಾನು.

ದೊಡ್ಡತ್ತೆ ಎಂದರೆ ನಮ್ಮಪ್ಪನ ಅಕ್ಕ. ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ದೇವನೂರಿಗೆ ಹತ್ತಿರದ ನಮ್ಮ ಹಳ್ಳಿಗೆ, ತವರಿಗೆ, ಮರಳಿ ಬಂದವಳು. ಅವಳಿಗೆ ಹುಲಿಯ ಭಯವಿರಲಿಲ್ಲ, ಅಮಲ್ದಾರರ ಭಯವಿರಲಿಲ್ಲ, ಇದ್ದದ್ದೊಂದೇ ಭಯ, ಕಣ್ಣುದೃಷ್ಟಿ. ನಾನು ತೊಟ್ಟಿಲಲ್ಲಿದ್ದಾಗ ತೊಟ್ಟಿಲಿಗೆ ಕರಿಗೇರಿನ ಬೀಜ ಕಟ್ಟಿದಳು. ಓಡಾಡತೊಡಗಿದ ಮೇಲೆ ದಿನವೂ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟಳು. ನನ್ನಂಥ ಕಪ್ಪು ಹುಡುಗಿಗೆ ದೃಷ್ಟಿ ಹಾಕುವಷ್ಟು ಪುರುಸೊತ್ತು ಊರಿನಲ್ಲಿ ಯಾರಿಗಿತ್ತೋ ಕಾಣೆ! ಅಮೃತಾಪುರದ ಕಡೆಯವರು ನನ್ನನ್ನು ನೋಡಲು ಬರುತ್ತಾರೆಂದು ಸುದ್ದಿ ಬಂದಾಗ ಅವಳ ಭಯ ನೆತ್ತಿಗೇರಿತು. ಕಾಡಿಗೆ ಬೆವರಿಗೆ ಕರಗುತ್ತದೆ, ಕರಗಿದ ಗಳಿಗೆಯಲ್ಲೇ ಕಣ್ಣು ತಾಕುತ್ತದೆ, ಆಮೇಲೆ ಕೂಡಿಬಂದ ಸಂಬಂಧ ಮುರಿಯುತ್ತದೆ ಎಂಬುದು ಅವಳ ಲೆಕ್ಕಾಚಾರ.

"ಅಗಸ್ರು ಇಟ್ಟ ಬೊಟ್ಟು ಹೋಯ್ತದೇನೇ? ಹೋಗಲ್ಲ ಕಣೇ. ನಿಂಗೂ ಅದನ್ನೇ ಇಟ್ಬಿಡ್ತೀನಿ. ಮದ್ವೆ ಮುಗಿಯೋಗಂಟ ಯಾವ ಕಣ್ಣೂ ನಿನ್ನ ಹತ್ರ ಸುಳಿಯಲ್ಲ" ಎಂದಳು.

ಬಟ್ಟೆಗೂ ಚರ್ಮಕ್ಕೂ ವ್ಯತ್ಯಾಸವುಂಟೆಂಬ ಸಣ್ಣ ಸಂಗತಿ ಅವಳಿಗೆ ಹೊಳೆಯಲಿಲ್ಲ. ಕಡ್ಡಿಯ ತುದಿಗೆ ಸೊನೆ ತೆಗೆದುಕೊಂಡು, ನನ್ನ ಗದ್ದ ಹಿಡಿದು, ಎಡಗೆನ್ನೆಯ ಮೇಲೆ ದುಂಡಗೆ ಇಟ್ಟು, ಹಿಂದೆ ಸರಿದು ನೋಡಿ, ತಾನೇ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಮಾರನೆಯ ದಿನ ಬೊಟ್ಟಿನ ಸುತ್ತ ನವೆ ಎದ್ದಿತು. ಆಮೇಲೆ ಗಂದೆ, ಗಂದೆಯ ಮೇಲೆ ನೀರುಗುಳ್ಳೆ, ಗುಳ್ಳೆಯ ಸುತ್ತ ಉರಿ; ಎಡಗಣ್ಣು ಮುಚ್ಚಿಹೋಗುವಷ್ಟು ಊತ. ಕಂಚಿನ ತಟ್ಟೆಯಲ್ಲಿ ಮುಖ ನೋಡಿಕೊಂಡವಳು ತಟ್ಟೆಯನ್ನು ಅಂಗಳಕ್ಕೆ ಎಸೆದೆ. ದೃಷ್ಟಿ ತಾಕದಂತೆ ಕಾಯುವುದೆಂದರೆ ಹೀಗೆ, ಯಾರೂ ಎರಡನೆಯ ಸಲ ನೋಡದಂತೆ ಮಾಡಿಬಿಡುವುದು!

ಇನ್ನು ಮದ್ದಿನವರ ಮೆರವಣಿಗೆ. ನಮ್ಮ ಜನಕ್ಕೆ ಪುಕ್ಕಟೆಯಾಗಿ ಕೊಡಲು ಎಷ್ಟೋ ವಸ್ತುಗಳಿದ್ದರೂ ಕೈ ಬರುವುದು ಮದ್ದು ಹೇಳುವುದಕ್ಕೆ ಮಾತ್ರ. ಒಂದು ಸೇರು ರಾಗಿ ಕೇಳಿ ನೋಡಿ, ಅಂದು ಮನೆಯಲ್ಲಿ ಕಣಜವೇ ಬರಿದಾಗಿರುತ್ತದೆ; ಒಂದು ಗುಳ್ಳೆ ತೋರಿಸಿ ನೋಡಿ, ಬೀದಿಗೆ ಬೀದಿಯೇ ಧನ್ವಂತರಿಯ ವಂಶ. ಎದುರುಮನೆಯ ಹನುಮಕ್ಕ ಮೊದಲು ಬಂದಳು. "ಹುಣಸೆಸೊಪ್ಪು ಅರ್ದು ಮೆತ್ರೇ, ಬೆಳಗಾಗೋದ್ರೊಳಗೆ ಇಳೀತದೆ" ಎಂದಳು. ಮೆತ್ತಿದರು. ಇಳಿದದ್ದು ಹುಣಸೆಯ ರಸ, ಅದೂ ಕಣ್ಣಿನೊಳಕ್ಕೆ. ಅದನ್ನು ತೊಳೆಯುವಷ್ಟರಲ್ಲಿ ಇನ್ನೊಬ್ಬಳು ಕರಿ ಎಳ್ಳನ್ನು ಮಜ್ಜಿಗೆಯಲ್ಲಿ ಅರೆದು ತಂದಳು. ಮತ್ತೊಬ್ಬಳು ಹುತ್ತದ ಮಣ್ಣು ಕಲಸಿ ತಂದಳು, ಅದು ಒಣಗಿ ಬಿಗಿದು ಗುಳ್ಳೆಗಳನ್ನೆಲ್ಲ ಒಡೆಯಿತು. ಶಾನುಭೋಗರು ಜಗುಲಿಯ ಮೇಲೆ ಕುಳಿತು, ನನ್ನ ಮುಖವನ್ನು ನೋಡುವ ತೊಂದರೆಯನ್ನೂ ತೆಗೆದುಕೊಳ್ಳದೆ, "ಇದೆಲ್ಲ ಪಿತ್ತ ಕಣಯ್ಯ. ಹರಳೆಣ್ಣೆ ಒತ್ತಿ ಬಿಸಿಬಿಸಿ ನೀರು ಹಾಕಿಸು" ಎಂದು ಅಪ್ಪನಿಗೆ ಅಪ್ಪಣೆ ಮಾಡಿದರು. ಬಿಸಿನೀರು ಬಿದ್ದ ಮೇಲೆ ನವೆ ಕೆನ್ನೆಯಲ್ಲಿತ್ತೋ ಮೈಯೆಲ್ಲ ಇತ್ತೋ ನನಗೆ ತಿಳಿಯದಂತಾಯಿತು. ಕರಿಗೇರಿನ ಮರಕ್ಕೆ ನೂಲು ಸುತ್ತಿ, ತಪ್ಪಾಯಿತೆಂದು ಕೈಮುಗಿದು ಬಾ ಎಂದವರೂ ಇದ್ದರು. ನಾನು ಆ ಮರವನ್ನು ಕಣ್ಣಿನಿಂದ ಕಂಡವಳೇ ಅಲ್ಲ, ನನ್ನಿಂದ ಅದಕ್ಕೇನು ತಪ್ಪಾಗಿತ್ತು?

ಸ್ವಲ್ಪ ತಂಪೆನಿಸಿದ್ದು ತೆಂಗಿನಹಾಲು. ಕಾಯಿ ತುರಿದು ಹಿಂಡಿ, ಬಟ್ಟಲಿಗೆ ಹಾಕಿ, ಅರಳೆಯೊಂದಿಗೆ ನಾನು ಮಲಗಿದ್ದ ಕೋಣೆಯ ಹೊಸ್ತಿಲ ಹೊರಗೆ ಯಾರೋ ಇಟ್ಟು ಹೋಗುತ್ತಿದ್ದರು, ಅವ್ವ ತಂದು ಹಚ್ಚುತ್ತಿದ್ದಳು. ಯಾರೋ ಏನು, ದೊಡ್ಡತ್ತೆಯೇ. ನಾನು ಅವಳನ್ನು ಒಳಕ್ಕೆ ಬಿಟ್ಟಿರಲಿಲ್ಲ, ಅವಳ ದನಿ ಕೇಳಿದರೆ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದೆ. ತೋಟದ ತುಂಬ ತೆಂಗಿನಮರ ಇಟ್ಟುಕೊಂಡ ಮನೆಯಲ್ಲಿ ತೆಂಗಿನಹಾಲು ನೆನಪಾದದ್ದು ಊರಿನ ಹುತ್ತವೆಲ್ಲ ಕರಗಿದ ಮೇಲೆ ನೋಡಿ.

ಮದ್ದುಗಳು ಸೋತವು. ಸೋತರೆ ಸೋಲಲಿ ಎಂದು ಮದ್ದಿನವರು ಸುಮ್ಮನಿದ್ದಿದ್ದರೆ ಈ ಕಥೆ ಇಷ್ಟಕ್ಕೆ ಮುಗಿಯುತ್ತಿತ್ತು. ತಮ್ಮ ಮದ್ದು ತಪ್ಪಿರಬಹುದೆಂದು ಒಬ್ಬರಿಗೂ ತೋಚಲಿಲ್ಲ. ರೋಗವೇ ಬೇರೆಯಿರಬೇಕೆಂದು ಎಲ್ಲರಿಗೂ ತೋಚಿತು. ಬಾವಿಕಟ್ಟೆಯಲ್ಲಿ ಹನುಮಕ್ಕ ದನಿ ತಗ್ಗಿಸಿ, "ಬರೀ ಸೊನೆ ಆಗಿದ್ರೆ ಇಷ್ಟೊತ್ಗೆ ಇಳೀಬೇಕಿತ್ತಪ್ಪ. ಇದು ಆ ದೊಡ್ಡರೋಗಾನೇ ಇರ್ಬೇಕು" ಎಂದಳಂತೆ. ದೊಡ್ಡರೋಗವೆಂದರೆ ಬೆರಳು ಕರಗುವ, ಊರಾಚೆ ಇಡಿಸುವ ರೋಗ. ಆ ಹೆಸರು ಅಂಟಿದ ಹುಡುಗಿಗೆ ಮದುವೆಯಿಲ್ಲ. ಅವಳ ಮನೆಯ ನೀರನ್ನು ಯಾರೂ ಕುಡಿಯುವುದಿಲ್ಲ. ನನ್ನ ಬೆನ್ನ ಹಿಂದೆ ಇಬ್ಬರು ತಂಗಿಯರಿದ್ದರು. ಬರುವವರನ್ನು ಬರಬೇಡಿ ಎಂದರೆ ಗಾಳಿಮಾತನ್ನು ನಾವೇ ನಿಜಮಾಡಿದಂತೆ ಎಂದು ಅಪ್ಪ ಬಾಯಿ ಕಟ್ಟಿಕೊಂಡು ಕುಳಿತ.

ಅಮೃತಾಪುರದವರು ಕಡೂರಿನವರೆಗೆ ರೈಲಿನಲ್ಲಿ, ಅಲ್ಲಿಂದ ಗಾಡಿಯಲ್ಲಿ ಬಂದಿಳಿದರು. ಹುಡುಗ, ಅವನ ತಂದೆ, ತಾಯಿ. ದಾರಿಯಲ್ಲೇ ಯಾರೋ ಕಿವಿ ಊದಿದ್ದರೆಂಬುದು ಅವರು ಚಾಪೆಯ ಅಂಚಿನಲ್ಲಿ ಕುಳಿತ ರೀತಿಯಲ್ಲೇ ಗೊತ್ತಾಗುತ್ತಿತ್ತು. ಕೊಟ್ಟ ಪಾನಕ ಲೋಟದಲ್ಲೇ ಉಳಿಯಿತು. ನನ್ನನ್ನು ಕರೆತಂದು ಕೂರಿಸಿದರು. ಹುಡುಗನ ತಾಯಿ ಸೆರಗನ್ನು ಮೂಗಿಗೆ ಒತ್ತಿಕೊಂಡು ಕೇಳಿದಳು: "ಏನಮ್ಮ ಇದು ಮುಖ?"

"ಕರಿಗೇರಿನ ಸೊನೆ ತಾಗಿದ್ದು ಕಣ್ರೀ. ನಂಬಿಕೆ ಬರದಿದ್ರೆ ಮುಟ್ಟಿ ನೋಡಿ" ಎಂದೆ.

ಮುಟ್ಟುವುದಿರಲಿ, ಆಕೆ ಕುಳಿತಲ್ಲೇ ಹಿಂದಕ್ಕೆ ಜರುಗಿದಳು. ಹುಡುಗ ತನ್ನ ಹೊಸ ಜೋಡುಗಳು ಬಾಗಿಲಲ್ಲಿ ಇವೆಯೋ ಇಲ್ಲವೋ ಎಂದು ನೋಡಿದ. ತಂದೆ, "ಹೊರಡೋಣ, ರೈಲಿಗೆ ಹೊತ್ತಾಯ್ತು" ಎಂದ. ಅವರು ಹಾಗೆಯೇ ಹೊರಟುಹೋಗಿದ್ದರೆ ಅವರೂರಿನ ದಾರಿಯ ತರೀಕೆರೆ ಮುಟ್ಟುವುದರೊಳಗೆ ನಾನು ಬದುಕಿರುವವರೆಗೂ ರೋಗಿಷ್ಠೆಯಾಗಿಬಿಡುತ್ತಿದ್ದೆ.

ಆಗ ಅಡುಗೆಮನೆಯಿಂದ ದೊಡ್ಡತ್ತೆ ಬಂದಳು. ಗಂಡನಿಲ್ಲದವಳು ಶುಭಕಾರ್ಯದಲ್ಲಿ ನಡುಮನೆಗೆ ಬರಬಾರದೆಂಬುದು ನಮ್ಮವರ ಕಟ್ಟಳೆ. ಅವಳು ಎಂದೂ ಮೀರಿದವಳಲ್ಲ. ಒಂದು ಕೈಯಲ್ಲಿ ಕರಿಗೇರಿನ ಕಾಯಿ, ಇನ್ನೊಂದರಲ್ಲಿ ಸೂಜಿ. ನೇರವಾಗಿ ಬಂದು ಅವರೆದುರು ಕುಳಿತು, ಕಾಯಿಯನ್ನು ಚುಚ್ಚಿ, ಸೊನೆಯನ್ನು ತನ್ನ ಎಡಗೆನ್ನೆಗೆ ಒತ್ತಿ ಒತ್ತಿ ಹಚ್ಚಿಕೊಂಡಳು.

"ಇವ್ಳಿಗೆ ಇಟ್ಟೋಳು ನಾನೇ. ಈಗ ನಂಗೂ ಇಟ್ಕಂಡಿದೀನಿ. ಕಡೂರ್ನಾಗೆ ನಿಮ್ಮ ನೆಂಟ್ರ ಮನೆ ಐತಲ್ಲ, ಅಲ್ಲೇ ಇದ್ದು ನಾಡಿದ್ದಿನ ಸಂತೆ ಮುಗಿಸ್ಕಂಡು ಬನ್ನಿ. ಬಂದು ನನ್ನ ಮುಖ ನೋಡ್ಕಂಡು, ಆಮೇಲೆ ಏನು ಬೇಕಾದ್ರೂ ಅನ್ರಿ" ಎಂದಳು.

ಅವ್ವ ಅಯ್ಯೋ ಎಂದು ಬಾಯಿಗೆ ಸೆರಗು ತುರುಕಿಕೊಂಡಳು. ಆ ಉರಿ ಎಂಥದೆಂದು ಆ ಮನೆಯಲ್ಲಿ ಬಲ್ಲವಳು ನಾನೊಬ್ಬಳೇ.

ಅವರು ಸಂತೆ ಮುಗಿಸಿಕೊಂಡು ಬಂದರು. ಅಷ್ಟರಲ್ಲಿ ದೊಡ್ಡತ್ತೆಯ ಮುಖ ನನ್ನದಕ್ಕಿಂತ ಹೆಚ್ಚಾಗಿ ಊದಿ, ತುಟಿ ಸೊಟ್ಟಗಾಗಿ, ಕಣ್ಣು ಮುಚ್ಚಿತ್ತು. ಹುಡುಗನ ತಾಯಿ ಅವಳನ್ನು ಬೆಳಕಿಗೆ ತಿರುಗಿಸಿ ಕೂರಿಸಿ, ಆ ಕಡೆಯಿಂದಲೂ ಈ ಕಡೆಯಿಂದಲೂ, ಸಂತೆಯಲ್ಲಿ ಹಸು ನೋಡುವಂತೆ ನೋಡಿ, "ನಿಜ ಕಣ್ರೀ, ಸೊನೇನೇ. ಹಂಗಾದ್ರೆ ನಮ್ಮದೇನೂ ಅಭ್ಯಂತರ ಇಲ್ಲ, ತಾಂಬೂಲ ತರ್ಸಿ" ಎಂದಳು. ಆ ದಿನ ಪಾನಕವೂ ಗಂಟಲಿನಲ್ಲಿಳಿಯಿತು. ಅಪ್ಪ ಸಂತೋಷದಿಂದ ಎಲೆ ಅಡಿಕೆಯ ತಟ್ಟೆ ಎತ್ತಿಕೊಂಡು ಬಂದ.

"ನಾನು ಒಲ್ಲೆ" ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. "ನನ್ನ ಮಾತು ನಂಬೋಕೆ ನಮ್ಮತ್ತೆ ಮುಖ ಸುಟ್ಕಬೇಕಾಯ್ತು. ನಾಳೆ ಅವರ ಮನೇಲಿ ನಂಗೆ ಜ್ವರ ಬಂದ್ರೆ ಯಾರ ಮೈ ಸುಡ್ಬೇಕು ಅಪ್ಪಯ್ಯ? ನಾನು ಹೋಗಲ್ಲ." ಅಪ್ಪ ದೊಡ್ಡತ್ತೆಯ ಮುಖ ನೋಡಿದ. ಅವಳು ಸೊಟ್ಟ ತುಟಿಯಲ್ಲೇ, "ಒಲ್ಲೆ ಅಂದ್ಮೇಲೆ ಮುಗೀತು ಕಣೋ, ತಟ್ಟೆ ಕೆಳಗಿಡು" ಎಂದಳು. ಅವರು ಹೋದ ಮೇಲೆ ನನಗೆ ಬೈದಳು: "ನಾನು ಉರ್ಕಂಡಿದ್ದೆಲ್ಲ ದಂಡ ಆಯ್ತಲ್ಲೇ, ಮೂದೇವಿ!" ಬೈದವಳಿಗೆ ನಗು ಬಂತು, ನಕ್ಕರೆ ಕೆನ್ನೆ ಉರಿಯಿತು, ಉರಿಗೆ ಮತ್ತೆ ಬೈದಳು.

ದಂಡವೇನೂ ಆಗಲಿಲ್ಲ. ಅಮೃತಾಪುರದವರು ಸಿಟ್ಟಿನಲ್ಲಿ ಹೋದ ಕಡೆಯಲ್ಲೆಲ್ಲ ನಮ್ಮನ್ನು ಬೈದರು. ರೋಗವೇನಿಲ್ಲ, ಬರೀ ಸೊನೆ, ಆದರೂ ಆ ಹುಡುಗಿಗೆ ಎಷ್ಟು ಕೊಬ್ಬು ನೋಡಿ, ಎಂದು. ಅದಕ್ಕಿಂತ ಒಳ್ಳೆಯ ಪ್ರಚಾರವನ್ನು ನಾವು ಕೂಲಿ ಕೊಟ್ಟು ಮಾಡಿಸಿದ್ದರೂ ಆಗುತ್ತಿರಲಿಲ್ಲ. ಮುಂದೆ ಅಜ್ಜಂಪುರದ ಮೇಷ್ಟರೊಬ್ಬರು ನನ್ನ ಕೈಹಿಡಿದರು. ಕೆನ್ನೆಯ ಮೇಲಿನದೇನೆಂದು ಕೇಳಿದರು, ಹೇಳಿದೆ, ನಂಬಿದರು.

ಅದಕ್ಕೂ ಮೊದಲು ನಾನು ಮಾಡಿದ್ದನ್ನು ಹೇಳಿದರೆ ನೀವು ನಗುತ್ತೀರಿ. ದೊಡ್ಡತ್ತೆಯ ಹಾಸಿಗೆಯ ಪಕ್ಕ ಕುಳಿತು, ನನ್ನ ಗುಳ್ಳೆಗಳೇ ಇನ್ನೂ ಒಣಗಿರದಿದ್ದರೂ, ತೆಂಗಿನಹಾಲು ಹಚ್ಚಿದೆ. ಅದು ಸಾಲದೆನಿಸಿ ಎಳ್ಳು ಅರೆದೆ. ಹನುಮಕ್ಕನ ಹುಣಸೆಸೊಪ್ಪನ್ನೂ ತಂದೆ! ಉಗುರಿನಷ್ಟೂ ನಂಬಿಕೆಯಿಲ್ಲದ ಮದ್ದುಗಳನ್ನು ಒಂದೂ ಬಿಡದೆ ಅರೆದು ಹಚ್ಚಿದೆ. ನೋವು ಎದುರಿಗಿರುವಾಗ ಕೈಕಟ್ಟಿ ಕುಳಿತಿರಲು ನನ್ನಿಂದಲೂ ಆಗಲಿಲ್ಲ. ಬೀದಿಯವರನ್ನು ಇಂದಿಗೂ ನಾನು ಕ್ಷಮಿಸಿಲ್ಲ, ಆದರೆ ಅವರು ಬಟ್ಟಲು ಹಿಡಿದು ಓಡಿಬಂದದ್ದು ಏಕೆಂದು ಮಾತ್ರ ಅಂದು ತಿಳಿಯಿತು.

ನನ್ನ ಕಲೆ ವರ್ಷಗಳಲ್ಲಿ ಮಾಸಿತು. ದೊಡ್ಡತ್ತೆ ಒತ್ತಿ ಹಚ್ಚಿಕೊಂಡವಳು. ಅವಳದು ಕರಿಯ ಬೊಟ್ಟಾಗಿ ಉಳಿದೇ ಹೋಯಿತು. ಅವಳು ತೀರಿಕೊಂಡ ದಿನ ನಾನು ಅಜ್ಜಂಪುರದಿಂದ ಬಂದಾಗ ಅಂಗಳದಲ್ಲಿ ಮೈತೊಳೆಸುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದಿದ್ದ ಹೆಂಗಸೊಬ್ಬಳು ಸೀಗೆಪುಡಿ ಹಾಕಿ ಕೆನ್ನೆಯನ್ನು ಉಜ್ಜುತ್ತ, "ಗಂಡ ಇಲ್ದೋಳ ಮುಖಕ್ಕೆ ಇದೇನು ಬೊಟ್ಟು, ಎಷ್ಟು ತಿಕ್ಕಿದ್ರೂ ಹೋಗವಲ್ದಲ್ಲ" ಎಂದು ಗೊಣಗುತ್ತಿದ್ದಳು. ನಾನು ಅವಳ ಕೈಯಿಂದ ಚೊಂಬು ತೆಗೆದುಕೊಂಡೆ.

"ತಿಕ್ಕಬ್ಯಾಡ ಕಣಮ್ಮ, ಹೋಗಲ್ಲ ಅದು. ನಮ್ಮನೆ ಗುರುತು."