ನೀರು ಮರೆತ ಮಾಮ

ದಸರೆ ಮುಗಿದ ಮೇಲೆ ಉಳಿದ ಚೆಂಡುಹೂವನ್ನು ಕುದಿಸಿ ಬಟ್ಟೆಗೆ ಬಣ್ಣ ಹಾಕುತ್ತೇನೆಂದು ನನ್ನ ಹೆಂಡತಿ ಮೊನ್ನೆ ದೊಡ್ಡ ಪಾತ್ರೆಯನ್ನು ಒಲೆಗೇರಿಸಿದ್ದಳು. ಮೊಬೈಲು ನೋಡಿ ಕಲಿತ ವಿದ್ಯೆ. ಬಟ್ಟೆಗೆ ಬಣ್ಣ ಹತ್ತಿತೋ ಇಲ್ಲವೋ, ಮನೆಗೆಲ್ಲ ಬೆಂದ ಹೂವಿನ ಒಗರು ವಾಸನೆ ಹತ್ತಿತು. ಆ ವಾಸನೆಯನ್ನು ನಾನು ಹಿಂದೆ ಒಂದೇ ಸಲ ಮೂಸಿದ್ದೆ... ಸಂಡೂರಿನ ಘಾಟಿಯಲ್ಲಿ, ಪಕ್ಕದ ಮನೆಯ ಮಾಮನ ಪಿಕಪ್ಪಿನ ಮುಂದೆ ನಿಂತು.

ಕಡ್ಡಿರಾಂಪುರದಲ್ಲಿ ನಮಗೂ ಅವರಿಗೂ ನಡುವೆ ಒಂದೇ ಗೋಡೆ. ನೆಂಟಸ್ತನವೇನೂ ಇರಲಿಲ್ಲ, ಆದರೂ ಅವರು ಮಾಮ, ಅವರ ಹೆಂಡತಿ ಅತ್ತೆ. ಬಾಳೆಗೊನೆ ತುಂಬಿಕೊಂಡು ಸಂಡೂರು, ಕಂಪ್ಲಿ, ತೋರಣಗಲ್ಲು ಅಂತ ಮಾಮ ಪಿಕಪ್ ಓಡಿಸುತ್ತಿದ್ದರು. ಮುಂಜಾನೆ ಚಹಾ ಕುಡಿಯುವ ಮೊದಲು ಬಾನೆಟ್ ಎತ್ತಿ ರೇಡಿಯೇಟರಿನ ನೀರು ನೋಡಲೇಬೇಕು. ಗಾಡಿ ಕುಡಿದ ಮೇಲೆ ತಾವು. ಉಳಿದ ಡ್ರೈವರುಗಳು ನಗುತ್ತಿದ್ದರು, ಆದರೆ ವ್ಯಾಪಾರಿಗಳು ಲೋಡ್ ಕೊಡಲು ಮೊದಲು ಹುಡುಕುತ್ತಿದ್ದುದು ಮಾಮನನ್ನೇ. ಅದರ ಜಂಬವೂ ಅವರಿಗೆ ಚೆನ್ನಾಗಿಯೇ ಇತ್ತು.

ಅತ್ತೆಯ ಕಥೆ ಬೇರೆ. ಆಕೆ ಮದುವೆಯಾಗಿ ಬಂದ ವರ್ಷವೇ ಮನೆಯ ಎಮ್ಮೆ ಸತ್ತಿತ್ತಂತೆ. ಅಂದಿನಿಂದ ಮಾಮನ ತಾಯಿಗೆ ಒಂದೇ ಮಾತು, ಸೊಸೆಯ ಕೈಗುಣ. ಹಾಲು ಒಡೆದರೂ ಕೈಗುಣ, ಉಪ್ಪಿನಕಾಯಿಗೆ ಬೂಸರು ಬಂದರೂ ಕೈಗುಣ. ಅತ್ತೆ ತಿರುಗಿ ಆಡುತ್ತಿರಲಿಲ್ಲ. ಒಳ್ಳೆಯ ಕೆಲಸವಿದ್ದಾಗ ತಾವಾಗಿಯೇ ಹಿಂದೆ ಸರಿದು ನಿಲ್ಲುತ್ತಿದ್ದರು. ನೋಡಿದರೆ ಸಿಟ್ಟು ಬರುತ್ತಿತ್ತು ನನಗೆ, ಆ ಮುದುಕಿಯ ಮೇಲೆ.

ಆ ವರ್ಷ ಆಯುಧಪೂಜೆಗೆ ಮಾಮ ಹಠ ಹಿಡಿದರು. "ಗಾಡಿ ಪೂಜಿ ಈ ಸಲ ನೀನ ಮಾಡಬೇಕು." ಅಷ್ಟು ವರ್ಷದ ಆಸೆಯನ್ನು ಅತ್ತೆ ಒಂದೇ ದಿನ ತೀರಿಸಿಕೊಂಡರು. ತೋಳು ಗಾತ್ರದ ಚೆಂಡುಹೂವಿನ ಹಾರ, ಅದೂ ಮೂರು ಸುತ್ತು. ಎರಡೂ ಕಡೆ ಬಾಳೆಕಂದು, ನಡುವೆ ಮಾವಿನ ತೋರಣ. ರೇಡಿಯೇಟರಿಗೆ ಗಾಳಿ ಹೋಗುವ ಜಾಲರಿ ಪೂರ್ತಿ ಮುಚ್ಚಿಹೋಯಿತು. ಮಾಮ ಒಮ್ಮೆ ಜಾಲರಿ ನೋಡಿದರು, ಒಮ್ಮೆ ಹೆಂಡತಿಯ ಮುಖ ನೋಡಿದರು, ಕಾಯಿ ಒಡೆದು ಕೈಮುಗಿದರು.

ಮರುದಿನ ಬನ್ನಿ ಕೊಡಲು ಅತ್ತೆ ಸಂಡೂರಿನ ತವರಿಗೆ ಹೊರಟಿದ್ದರು. ನನಗೂ ಅಲ್ಲಿದ್ದ ಅಕ್ಕನ ಮನೆಗೆ ಹೋಗಬೇಕಿತ್ತು. ತೋರಣಗಲ್ಲಿನ ಕಾರ್ಖಾನೆಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ, ಹಬ್ಬದ ರಜೆ. ಹಿಂದೆ ಬಾಳೆಗೊನೆ, ಮುಂದೆ ನಾವು ಮೂವರು. ಘಾಟಿ ಏರುವಾಗ ಎಂಜಿನ್ನಿನ ಹೀಟ್ ತೋರಿಸುವ ಮುಳ್ಳು ಮೇಲೇರಿದ್ದನ್ನು ಮಾಮ ನೋಡಿದರು. ಗಾಡಿ ನಿಲ್ಲಿಸಿ ಹಾರ ತೆಗೆಯಬಹುದಿತ್ತು. ಪಕ್ಕದಲ್ಲಿ ಅತ್ತೆ ಹೊಸ ಸೀರೆಯುಟ್ಟು ಖುಷಿಯಾಗಿ ಕೂತಿದ್ದರು. ಇದೊಂದು ಏರು ದಾಟಿದರೆ ಸಾಕು ಅಂದುಕೊಂಡರೋ ಏನೋ... ದಾಟಲಿಲ್ಲ. ಹಿಂದಿನಿಂದ ಬಿಳಿ ಹೊಗೆ, ಮುಂದಿನಿಂದ ಹಬೆ, ಒಳಗೊಂದು ಕೆಟ್ಟ ಸದ್ದು. ಗಾಡಿ ನಿಂತೇಹೋಯಿತು.

ಅತ್ತೆ ಕೊಡ ಹಿಡಿದು ನೀರು ಹುಡುಕಲು ಹೋದರು. ಮಾಮ ಹಾರ ಬಿಚ್ಚಿದರು. ರೇಡಿಯೇಟರಿಗೆ ಅಂಟಿದ ಹೂವೆಲ್ಲ ಬೆಂದು ಮುದ್ದೆಯಾಗಿತ್ತು. ಎಲ್ಲವನ್ನೂ ಬೆರಳಿನಿಂದ ಕೆರೆದು ಪೊದೆಯಾಚೆ ಎಸೆದರು.

"ನೋಡ್ಲೇ, ಇದು ಆಕಿ ಕಿವಿಗೆ ಬೀಳಬಾರ್ದು. ಪೂಜಿ ಮಾಡಿದ ಕೈ ಅದು."

ಗಾಡಿಯನ್ನು ಎಳೆಸಿಕೊಂಡು ಹೊಸಪೇಟೆಗೆ ತಂದೆವು. ಮೇಸ್ತ್ರಿ ಬಿಚ್ಚಿ ನೋಡಿದರೆ ಹೆಡ್ ಗ್ಯಾಸ್ಕೆಟ್ ಸುಟ್ಟು, ನೀರು ಆಯಿಲಿಗೆ ಸೇರಿ, ಬ್ಲಾಕೂ ಸೀಳಿತ್ತು. ರಿಪೇರಿಯ ಮಾತೇ ಇಲ್ಲ, ಎಂಜಿನ್ನೇ ಬದಲಿಸಬೇಕು. ಅಪಘಾತದಲ್ಲಿ ನುಜ್ಜುಗುಜ್ಜಾದ ಇನ್ನೊಂದು ಪಿಕಪ್ಪಿನ ಎಂಜಿನ್ ಸಿಕ್ಕಿತು. ಸರಪಳಿ ಹಾಕಿ ಹಳೆಯದನ್ನು ಎತ್ತಿದಾಗ ಮಾಮ ಅದರ ಮೇಲೆ ಕೈಯಿಟ್ಟುಕೊಂಡೇ ಜೊತೆಗೆ ನಡೆದರು. ಹೊಸದನ್ನು ಇಳಿಸುವಾಗ ನಾನೂ ಕೈಹಚ್ಚಿದ್ದೆ. ಬುತ್ತಿ ತಂದಿದ್ದ ಅತ್ತೆ ಪಕ್ಕದಲ್ಲೇ ನಿಂತಿದ್ದರು.

ಮೇಸ್ತ್ರಿ ಬೋಲ್ಟು ಬಿಗಿಯುತ್ತಾ ಕೇಳಿದ, "ದಿನಾ ನೀರು ನೋಡೋ ಮನುಷ್ಯಾ ನೀವು. ಮುಂದ ಗಾಳಿಗೆ ಏನಾರ ಅಡ್ಡ ಇತ್ತೇನ್ರಿ?"

"ಏನೂ ಇಲ್ಲಪಾ. ಅವತ್ತು ನೀರು ನೋಡೋದು ಮರ್ತೆ," ಅಂದರು ಮಾಮ.

ಊರಿಗೆ ಅಷ್ಟೇ ಸಾಕಾಯಿತು. ಓಣಿಯ ಹುಡುಗರಿಗೂ ಅವರು 'ನೀರು ಮರೆತ ಮಾಮ' ಆದರು. ಕಂಪ್ಲಿಯ ವ್ಯಾಪಾರಿ ಬಹಳ ದಿನ ಲೋಡನ್ನು ಬೇರೆಯವರಿಗೇ ಕೊಟ್ಟ. ಹಿಂದೆ ತಾನಾಗಿ ಬರುತ್ತಿದ್ದ ಬಾಡಿಗೆಗೆ ಮಾಮ ಬಾಳೆಮಂಡಿಯ ಮುಂದೆ ಕಾಯ್ದು ಕೂಡಬೇಕಾಯಿತು. ಮುದುಕಿ ಮಾತ್ರ ಮೊದಲ ಸಲ ಮಗನನ್ನು ಬೈದಳು. ಸೊಸೆಯ ಹೆಸರು ಅವಳ ಬಾಯಿಗೆ ಬರಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಮಾಮ, ನಿಜ ಹೇಳಿಬಿಡ್ರಿ" ಅಂದೆ ಒಮ್ಮೆ.

"ನನ್ನ ಹೆಸರು ಕೆಟ್ರ ಇನ್ನೊಂದು ಊರಾಗ ಗಾಡಿ ಓಡಸ್ತೀನಿ. ಆಕಿಗೆ ಇರೋದು ಅದ ಒಂದು ಮನಿ," ಅಂದರು. ಆಮೇಲೆ ನಾವಿಬ್ಬರೂ ಆ ಮಾತು ಎತ್ತಲಿಲ್ಲ.

ಮುಂದಿನ ದಸರೆಯಲ್ಲೂ ಪೂಜೆ ಅತ್ತೆಯದೇ. ಹೂವು ಧೂಳಿಗೆ ಹಾಳಾಗುತ್ತದೆ ಅಂತ ನೆಪ ಹೇಳಿ ಮಾಮ ಹಾರವನ್ನು ಕ್ಯಾಬಿನ್ನಿನ ಮೇಲೆ ಕಟ್ಟಿಸಿದರು. ಆ ಎರಡನೇ ಎಂಜಿನ್ ಒಮ್ಮೆಯೂ ಕೈಕೊಡದೆ ಎಷ್ಟೋ ವರ್ಷ ಓಡಿತು. ಮುದುಕಿ ಹೋದಳು. ಹೋದ ವರ್ಷ ಮಾಮನೂ ಹೋದರು... ಊರಿಗೆ ಹೋದಾಗ, ಗೋಡೆಯಾಚೆ ಅವರು ಬಾನೆಟ್ ಎತ್ತುವ ಸದ್ದಿಲ್ಲದ ಮುಂಜಾನೆ ನನಗಿನ್ನೂ ರೂಢಿಯಾಗಿಲ್ಲ.

ಹೂವು ಕುದಿಸಿದ ಮರುದಿನವೇ ಕಡ್ಡಿರಾಂಪುರಕ್ಕೆ ಹೋದೆ. ಅತ್ತೆ ಮನೆಯಲ್ಲಿರಲಿಲ್ಲ. ಓಣಿಯ ತುದಿಯಲ್ಲಿ ಯಾರದೋ ಹೊಸ ಟ್ರ್ಯಾಕ್ಟರಿಗೆ ಅರಿಸಿನ ಕುಂಕುಮ ಹಚ್ಚುತ್ತಿದ್ದರು. ಈಗ ಊರಲ್ಲಿ ಯಾರ ಮನೆಗೆ ಗಾಡಿ ಬಂದರೂ, ಮಾಮ ಹೋದ ಮೇಲೂ, ಮೊದಲ ಪೂಜೆಗೆ ಅವರನ್ನೇ ಕರೆಯುತ್ತಾರಂತೆ. ಅತ್ತೆಯ ಕೈಗುಣ ಭಾಳ ಚಲೋ ಅಂತ ಟ್ರ್ಯಾಕ್ಟರಿನ ಮನೆಯವರು ನನಗೇ ಹೇಳಿದರು.

ಚಹಾ ಕೊಡುತ್ತಾ ಅತ್ತೆ ಅಂದರು, "ಎಲ್ಲಾದ್ರಾಗೂ ಹುಷಾರು ನಿಮ್ಮ ಮಾಮ. ಅವತ್ತೊಂದು ದಿನ ನೀರು ಹೆಂಗ ಮರ್ತ್ರೋ, ಇನ್ನೂ ತಿಳಿವಲ್ದು ನಂಗ. ನೀನೂ ಗಾಡ್ಯಾಗ ಇದ್ದೆಲ್ಲ, ತಮ್ಮಾ?"

ಹೇಳಿಬಿಡೋಣ ಅನಿಸಿತು. ಮಾಮನ ಹೆಸರಿಗಂಟಿದ ಮಸಿ ತೊಳೆಯಲು ಈಗ ನಾನೊಬ್ಬನೇ ಉಳಿದವನು. ಅತ್ತೆಯ ಬೆರಳಲ್ಲಿ ಇನ್ನೂ ಕುಂಕುಮ ಹಸಿಯಾಗಿತ್ತು.

"ಇದ್ದೆ ಅತ್ತಿ," ಅಂದೆ. "ಮಾಮ ಅವತ್ತು ನೀರು ನೋಡ್ಲೇ ಇಲ್ಲ."