ಅಕ್ಕನ ದೀಕ್ಷಾಸ್ನಾನವನ್ನು ಕಂಡವರು

ನನ್ನ ಹಾಲುಹಲ್ಲುಗಳು ಇನ್ನೂ ಬಿದ್ದು ಮುಗಿಯದ ಕಾಲದಲ್ಲಿ, ಮಕ್ಕಳೇ, ಬಂಟ್ವಾಳದ ನಮ್ಮ ಮೆಥೊಡಿಸ್ಟ್ ಸಭೆಯ ಇಡೀ ಚರಿತ್ರೆ ಒಂದು ಹಲಸಿನ ಮರದ ಕಪಾಟಿನಲ್ಲಿತ್ತು. ಯಾರು ಹುಟ್ಟಿದರು, ಯಾರಿಗೆ ದೀಕ್ಷಾಸ್ನಾನವಾಯಿತು, ಯಾರು ಯಾರನ್ನು ಮದುವೆಯಾದರು, ಯಾರನ್ನು ಎಲ್ಲಿ ಮಣ್ಣು ಮಾಡಿದರು ಎಂಬುದೆಲ್ಲ ಅದರೊಳಗಿನ ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟಿತ್ತು. ನಮ್ಮ ಸಭೆಯಲ್ಲಿ ಜನ ಕಡಿಮೆ, ಚರಿತ್ರೆ ಜಾಸ್ತಿ. ಕಪಾಟಿನ ಬೀಗದ ಕೈ ಚರ್ಚು ನೋಡಿಕೊಳ್ಳುತ್ತಿದ್ದ ಅಪ್ಪನ ಸೊಂಟದಲ್ಲಿರುತ್ತಿತ್ತು. ಅರಮನೆಯ ಖಜಾನೆ ಕಾಯುವ ಮಂತ್ರಿಗೂ ಅಷ್ಟು ಗಾಂಭೀರ್ಯ ಇದ್ದಿರಲಾರದು.

ಆ ವರ್ಷ ಕಪಾಟಿನ ಕಾಲಿಗೆ ಗೆದ್ದಲು ಹತ್ತಿತು. ಗೆದ್ದಲಿಗೆ ನಮ್ಮೂರಿನ ಮದ್ದು ಗೇರುಬೀಜದ ಸಿಪ್ಪೆಯ ಎಣ್ಣೆ. ಕಪ್ಪಗೆ, ಮಂದವಾಗಿ, ಮೂಗು ಸುಡುವ ವಾಸನೆಯ ಆ ಎಣ್ಣೆ ಕೈಗೆ ತಾಗಿದರೆ ಚರ್ಮ ಸುಲಿಯುತ್ತದೆ. ಮರಕ್ಕೆ ಬಳಿದರೆ ಗೆದ್ದಲು ಆ ದಿಕ್ಕಿಗೇ ತಲೆ ಹಾಕುವುದಿಲ್ಲ. ಅಪ್ಪ ಕಪಾಟಿನ ಒಳಗೂ ಹೊರಗೂ ಧಾರಾಳವಾಗಿ ಬಳಿದರು. ಅದು ಒಣಗಲು ವಾರವಾದರೂ ಬೇಕು. ಆದರೆ ಸಭೆಯ ಚರಿತ್ರೆಯನ್ನು ಅಷ್ಟು ದಿನ ಬೆಂಚಿನ ಮೇಲೆ ಅನಾಥವಾಗಿ ಬಿಡುವುದು ಅವರಿಗೆ ಸರಿ ಕಾಣಲಿಲ್ಲ. ಸಂಜೆಗೇ ಪುಸ್ತಕಗಳನ್ನು ಒಳಗಿಟ್ಟು ಬೀಗ ಹಾಕಿದರು.

ಗೆದ್ದಲೇನೋ ಓಡಿಹೋಯಿತು. ಅಷ್ಟರಲ್ಲಿ ಅಕ್ಕನಿಗೆ ಬೆಳ್ತಂಗಡಿ ಹತ್ತಿರ ಲಾಯಿಲದ ಹುಡುಗನೊಂದಿಗೆ ಮದುವೆ ನಿಶ್ಚಯವಾಯಿತು. ಮದುವೆಯ ಪ್ರಕಟಣೆಯನ್ನು ಚರ್ಚಿನಲ್ಲಿ ಓದುವ ಮೊದಲು ದೀಕ್ಷಾಸ್ನಾನದ ದಾಖಲೆ ನೋಡುವುದು ಕ್ರಮ. ಒಂದು ಶನಿವಾರ ಪಾದ್ರಿಗಳು ಬಂದು ಪುಸ್ತಕ ತೆಗೆದರೆ ಅದು ಹಸಿ ಎಣ್ಣೆ ಕುಡಿದು ಕರಿ ಇಟ್ಟಿಗೆಯ ಹಾಗೆ ಗಟ್ಟಿಯಾಗಿತ್ತು. ಚಾಕು ತೂರಿಸಿ ಎಬ್ಬಿಸಿದ ಹಾಳೆಗಳಲ್ಲಿ ಒಂದಕ್ಷರವೂ ಕಾಣಲಿಲ್ಲ.

“ದಾಖಲೆ ಇಲ್ಲದೆ ಪ್ರಕಟಣೆ ಓದಲಿಕ್ಕೆ ಆಗುವುದಿಲ್ಲ,” ಎಂದರು ಪಾದ್ರಿಗಳು. ಅವರು ಬೆಳ್ತಂಗಡಿ, ಮೂಡುಬಿದಿರೆ, ಬಂಟ್ವಾಳ ಮೂರೂ ಸಭೆಗಳಿಗೆ ಒಬ್ಬರೇ. ಅರ್ಧ ಆಯುಷ್ಯವನ್ನು ಬಸ್ಸಿನಲ್ಲಿ ಕಳೆದವರು.

“ಇನ್ನೊಮ್ಮೆ ಸ್ನಾನ ಕೊಟ್ಟುಬಿಡಿ. ಬಾವಿಯಲ್ಲಿ ನೀರು ಉಂಟಲ್ಲ?” ಎಂದಳು ಅಮ್ಮ.

“ಅದು ಜೀವನದಲ್ಲಿ ಒಮ್ಮೆ ಮಾತ್ರ, ಅಮ್ಮಾ. ಮಗುವಿನ ತಲೆಗೆ ನೀರು ಬಿದ್ದದ್ದನ್ನು ಕಣ್ಣಾರೆ ಕಂಡ, ಮನೆಯವರಲ್ಲದ ಯಾರಾದರೊಬ್ಬರು ಹೇಳಲಿ. ಹೊಸ ಪುಸ್ತಕದಲ್ಲಿ ಬರೆದುಕೊಳ್ತೇನೆ. ನಾಳೆ ಓದದಿದ್ದರೆ ಮದುವೆಗೆ ಮೊದಲೇ ಲೆಂಟ್ ಉಪವಾಸದ ಕಾಲ ಬರ್ತದೆ. ಮತ್ತೆ ಈಸ್ಟರ್ ಕಳೆಯುವವರೆಗೆ ಮದುವೆ ಇಲ್ಲ.”

ಹುಡುಗನ ಮನೆಯವರು ಅಷ್ಟು ದಿನ ಕಾಯುವವರಲ್ಲ ಎಂದು ಅಮ್ಮನಿಗೆ ಭಯ. ಅಕ್ಕ ಅಡುಗೆಮನೆಗೆ ಹೋಗಿ ತೆಂಗಿನಕಾಯಿ ತುರಿಯತೊಡಗಿದಳು. ಅಂದಿನ ಸಾರಿಗೆ ಅರ್ಧ ಕಾಯಿ ಸಾಕಿತ್ತು; ಅವಳು ಮನೆಯಲ್ಲಿದ್ದ ಕಾಯಿಯನ್ನೆಲ್ಲ ತುರಿದಳು. ಅಪ್ಪ ಜಗಲಿಯ ಮೂಲೆಯಲ್ಲಿ ಕೂತು, ಎಣ್ಣೆ ತಾಗಿ ಸುಲಿದಿದ್ದ ತಮ್ಮ ಅಂಗೈಯನ್ನೇ ನೋಡುತ್ತಿದ್ದರು.

ಮಧ್ಯಾಹ್ನ ಸಭೆಯ ಹಿರಿಯರು ಚರ್ಚಿನಲ್ಲಿ ಸೇರಿದರು. ಮೇಣದಬತ್ತಿಯ, ಬಾವಲಿಯ, ಗೇರೆಣ್ಣೆಯ ವಾಸನೆ ಅಲ್ಲಿ ಒಟ್ಟಿಗೇ ಇತ್ತು. ಪಾದ್ರಿಗಳು ಮೊದಲು ದರ್ಜಿ ಮಾಮನನ್ನು ವಿಚಾರಿಸಿದರು.

“ಈ ಹುಡುಗಿಯ ದೀಕ್ಷಾಸ್ನಾನಕ್ಕೆ ನೀವು ಇದ್ದಿರಲ್ಲ?”

“ಇದ್ದೆ. ಊಟ ಸಹ ಮಾಡಿದ್ದೇನೆ. ಕೋಳಿ ಸಾರಿಗೆ ಖಾರ ಸ್ವಲ್ಪ ಮುಂದೆ ಆಗಿತ್ತು.”

“ನೀರು ಹಾಕಿದ್ದನ್ನು ಕಂಡಿರಾ?”

ದರ್ಜಿ ಮಾಮ ಬೋಳು ತಲೆ ಸವರಿಕೊಂಡರು. “ಅದು ಮಾತ್ರ... ನಾನು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡ್ತಾ ಇದ್ದೆ.”

ಉಳಿದವರದ್ದೂ ಅದೇ ಉತ್ತರ. ಹಿಂದಿನ ಪಾದ್ರಿಗಳ ಪ್ರಾರ್ಥನೆ ಒಮ್ಮೆ ಶುರುವಾದರೆ ಆಮೆನ್ ಕಾಣುತ್ತಿರಲಿಲ್ಲವಂತೆ. ಪ್ರಾರ್ಥನೆಯ ನಡುವೆಯೇ ಮಗುವನ್ನೆತ್ತಿ, ನೀರು ಹಾಕಿ, ಹೆಸರಿಟ್ಟು, ಹಾಗೆಯೇ ಪ್ರಾರ್ಥನೆ ಮುಂದುವರಿಸಿದ್ದರು. ಆಮೆನ್ ಬರುವ ತನಕ ಕಣ್ಣು ತೆರೆಯಬಾರದೆಂಬುದು ನಮ್ಮವರ ಶಿಸ್ತು. ಅಷ್ಟು ದೊಡ್ಡ ಭಕ್ತಿಯ ಸಭೆಯಲ್ಲಿ ಕದ್ದು ನೋಡಿದ ಪಾಪಿ ಒಬ್ಬರೂ ಸಿಗಲಿಲ್ಲ. ಕೇಳಿದ್ದೇವೆ ಎಂದರು, ಕಂಡಿದ್ದೇವೆ ಎಂದು ಸುಳ್ಳು ಹೇಳಲು ಯಾರೂ ತಯಾರಿರಲಿಲ್ಲ. ಪಾದ್ರಿಗಳಿಗೆ ಕಿವಿಯ ಸಾಕ್ಷಿ ಸಾಲದು.

ಎಲ್ಲರೂ ನಮ್ಮ ಮನೆಯ ಜಗಲಿಗೆ ಬಂದು ಕರಿಕಾಫಿ ಕುಡಿಯುತ್ತ ಕೂತರು. ನಮ್ಮ ಬೇಲಿಯಾಚೆ ಜೈನರ ಮನೆ. ಅಲ್ಲಿಯ ದೊಡ್ಡಮ್ಮ ಪುತ್ತಿಗೆಯಿಂದ ಮದುವೆಯಾಗಿ ಬಂದವರು, ಅಕ್ಕ ಕೂಸಾಗಿದ್ದಾಗ ಎಣ್ಣೆ ಹಚ್ಚಿ ಮೀಯಿಸಿದವರು. ಬಾವಿಕಟ್ಟೆಗೆ ನೀರಿಗೆ ಬಂದ ಅಕ್ಕನ ಮುಖ ನೋಡಿ ಕೊಡಪಾನ ಕೆಳಗಿಟ್ಟರು.

“ಎಂತ ಮಗಾ, ಮದುವೆ ಹುಡುಗಿಯ ಮುಖವಾ ಇದು?”

ಅಕ್ಕ ಅಳುತ್ತಲೇ ಎಲ್ಲ ಹೇಳಿದಳು.

“ಅಷ್ಟೆಯಾ? ನಾನು ನೋಡಿದ್ದೇನಲ್ಲ,” ಎಂದರು ದೊಡ್ಡಮ್ಮ.

ನಾನು ಓಡಿ ಪಾದ್ರಿಗಳನ್ನು ಕರೆತಂದೆ. ಅಮ್ಮನೂ ಹಿರಿಯರೆಲ್ಲರೂ ಹಿಂದೆಯೇ ಬಂದರು.

“ನೀವು ಕಣ್ಣು ಮುಚ್ಚಿರಲಿಲ್ಲವಾ?” ಪಾದ್ರಿಗಳು ಕೇಳಿದರು.

“ನಾನು ಮುಚ್ಚಿದರೆ ಹೇಗೆ? ನಿಮ್ಮ ಆಗಿನ ಪಾದ್ರಿಗಳ ಬಸ್ಸು ಬಂದದ್ದೇ ಸಂಜೆಗೆ. ನಮಗೆ ಸೂರ್ಯ ಮುಳುಗಿದ ಮೇಲೆ ಊಟ ಇಲ್ಲ. ಹಾಗೆ ನಾನು ಒಮ್ಮೆ ಕಿಟಕಿಯ ಬಿಸಿಲು ನೋಡುವುದು, ಒಮ್ಮೆ ಪಾದ್ರಿಗಳನ್ನು ನೋಡುವುದು. ಬಿಸಿಲು ಕೆಳಗಿನ ಸರಳಿಗೆ ಇಳಿಯುವಾಗ ಅವರು ತಲೆಗೆ ನೀರು ಹಾಕಿದರು. ಕೂಸು ಅಳಲಿಲ್ಲ. ಸೀನಿತು.”

“ಮತ್ತೆ ನಿಮ್ಮ ಊಟ?” ಅಕ್ಕ ಕೇಳಿದಳು.

“ಅದು ಮರುದಿನ ಆಯಿತು ಮಾರಾಯ್ತಿ. ನಡುವಿನಲ್ಲಿ ಎದ್ದು ಹೋದರೆ ನಿನ್ನ ಅಮ್ಮನಿಗೆ ಬೇಸರ ಆಗ್ತಿತ್ತು.”

ಇದು ಅಮ್ಮನಿಗೆ ಅಷ್ಟು ವರ್ಷ ಗೊತ್ತೇ ಇರಲಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ದರ್ಜಿ ಮಾಮ ಗಂಟಲು ಸರಿಮಾಡಿಕೊಂಡರು. “ಆದರೆ ಪಾದ್ರಿಗಳೇ, ಜೈನರ ಸಾಕ್ಷಿ ನಮ್ಮ ಪುಸ್ತಕಕ್ಕೆ ಆಗ್ತದಾ?”

“ಕಂಡವರು ಬೇಕು ಅಂತ ಉಂಟು. ಪ್ರಾರ್ಥನೆ ಮಾಡಿದವರನ್ನೆಲ್ಲ ಕೇಳಿ ಆಯಿತಲ್ಲ,” ಎಂದು ಪಾದ್ರಿಗಳು ಪೆನ್ನಿನ ಮುಚ್ಚಳ ತೆಗೆದರು. ದೊಡ್ಡಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿ, ಹೊಸ ಪುಸ್ತಕದಲ್ಲಿ ನಿಧಾನವಾಗಿ ಸಹಿ ಹಾಕಿದರು. ಮರುದಿನ ಪ್ರಕಟಣೆ ಓದಿದಾಗ ಅಪ್ಪ ಪುಸ್ತಕ ಹಾಳಾದದ್ದು ಕಂಡ ಮೇಲೆ ಮೊದಲ ಬಾರಿಗೆ ಬೆನ್ನು ನೆಟ್ಟಗೆ ಮಾಡಿ ಕೂತರು.

ಮದುವೆ ಬೆಳಿಗ್ಗೆಯೇ ಆಗಬೇಕೆಂದು ಅಕ್ಕ ಹಟ ಹಿಡಿದಳು. ಜೈನರು ತಿನ್ನದ ನೀರುಳ್ಳಿ, ಬಟಾಟೆ ಹಾಕದ ಅಡುಗೆಯನ್ನು ಬೇರೆ ಒಲೆಯಲ್ಲಿ ತಾನೇ ಮಾಡಿ, ಆಮೇಲೆ ಮದುವೆಯ ಸೀರೆ ಉಟ್ಟಳು. ನೆತ್ತಿಯ ಮೇಲೆ ಬಿಸಿಲಿರುವಾಗ ಮೊದಲ ಎಲೆ ದೊಡ್ಡಮ್ಮನಿಗೆ ಹಾಕಿದರು. ಬಡಿಸಿದವಳು ಮದುಮಗಳೇ.

ನಿಮ್ಮಿಬ್ಬರ ದೀಕ್ಷಾಸ್ನಾನದ ಸರ್ಟಿಫಿಕೇಟು ಮೊನ್ನೆ ಶಾಲೆಗೆ ಬೇಕಾದಾಗ ನಿಮ್ಮಪ್ಪ ಚರ್ಚಿನವರಿಗೆ ಮೊಬೈಲಿನಲ್ಲಿ ಕೇಳಿದ. ನನ್ನ ಚಹಾ ಆರುವ ಮೊದಲೇ ಬಂತು. ವಿಡಿಯೋ ಸಹ ಉಂಟು. ಒಳ್ಳೆಯದೇ ಆಯಿತು, ಯಾವ ಎಣ್ಣೆಯೂ ಅದನ್ನು ಮುಟ್ಟಲಾರದು. ಅದಕ್ಕಾಗಿ ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ. ಅದೊಂದೇ ನನಗೆ ಸ್ವಲ್ಪ ಖಾಲಿ ಖಾಲಿ ಅನಿಸುವುದು.

ನಿನ್ನೆ ಸಂಜೆ ನಮ್ಮ ಮೆಲ್ಕಾರಿನ ಫ್ಲ್ಯಾಟಿನಲ್ಲಿ ಕೂತು ನಾನು ಕೇಳಿದೆ, ಎದುರು ಬಾಗಿಲಿನವರ ಹೆಸರೇನು ಎಂದು. ನೀವಿಬ್ಬರೂ ಮುಖ ಮುಖ ನೋಡಿಕೊಂಡಿರಿ. ಆಮೇಲೆ ನಿಮ್ಮಲ್ಲಿ ಚಿಕ್ಕವಳು ಹೋಗಿ ಅವರ ಗಂಟೆ ಒತ್ತಿದಳು. ಅವಳು ಬಹಳ ಹೊತ್ತು ವಾಪಸು ಬರಲಿಲ್ಲ. ಬಂದಾಗ ಬಾಯಿ ತುಂಬ ಅವರು ಕೊಟ್ಟ ತಿಂಡಿ ಇದ್ದುದರಿಂದ ಹೆಸರು ಹೇಳಲು ಅವಳಿಗೆ ಸ್ವಲ್ಪ ಸಮಯ ಹಿಡಿಯಿತು.